ಬಿದ್ದ ತಿರುವಿಗೆ ಮತ್ತೆ ಹೋಗುವ ಮೊದಲು

ಮಂಡಗದ್ದೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: 2021ರ ಮಾಡೆಲ್‌ನ 125 ಸಿಸಿ ಬೈಕಿನಲ್ಲಿ ದಿನಾ ತೀರ್ಥಹಳ್ಳಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರು. ಮೃಗಶಿರ ಮಳೆ ಹಿಡಿದ ವಾರ, ಮರಗಳ ನೆರಳಿನ ಎಡತಿರುವಿನಲ್ಲಿ ಎದುರಿಗೆ ಬಸ್ಸು ಕಂಡು ಬ್ರೇಕ್ ಹಿಡಿದರು, ಬಿದ್ದರು. ಎಡಗಡೆಯ ಕಾಲರ್ ಬೋನ್ ಮುರಿಯಿತು. ಈಗ ಮೂಳೆ ಕೂಡಿದೆ, ಗಾಡಿಯೂ ರಿಪೇರಿಯಾಗಿದೆ. "ಆಯುಧಪೂಜೆಗೆ ತೊಳೆದು, ಹೂ ಹಾಕಿ, ನಿಂಬೆಹಣ್ಣು ಹತ್ತಿಸಿ ಮತ್ತೆ ಕೊಟ್ಟಿಗೆಗೆ ತಳ್ಳಿದೆ. ಒಂದೆರಡು ಸಲ ಹೊರಟೆ. ಬಸ್ಸು ಕಂಡ ಕೂಡಲೇ ಕೈ ಮರಗಟ್ಟುತ್ತದೆ, ಗಾಡಿ ಓಲಾಡುತ್ತದೆ. ಮಾರಿಬಿಡಿ ಅಂತಾಳೆ ಹೆಂಡತಿ. ಸ್ಕೂಟರ್ ತಗೊಂಡರೆ ವಾಸಿಯಾ? ಧೈರ್ಯ ಬರೋದಕ್ಕೆ ಏನು ಮಾಡಲಿ?" ಎಂಬುದು ಅವರ ಪ್ರಶ್ನೆ. ಕೊನೆಗೊಂದು ವಿ.ಸೂ. ಕೂಡ ಇದೆ, ಅದಕ್ಕೂ ಉತ್ತರಿಸಿದ್ದೇವೆ.

ಮಾನ್ಯರೇ,

ಧೈರ್ಯದ ವಿಚಾರ ಆಮೇಲೆ. ನಿಮ್ಮ ಪತ್ರದಲ್ಲಿ "ಸ್ಕಿಡ್ ಆಯಿತು" ಎಂಬ ಮಾತು ಐದು ಸಲ ಬಂದಿದೆ. ಯಾಕೆ ಆಯಿತು ಎಂಬುದು ಒಂದು ಸಲವೂ ಬಂದಿಲ್ಲ. ಕಾರಣ ಗೊತ್ತಿಲ್ಲದೆ ಬಿದ್ದವರಿಗೆ ಕಂಡ ತಿರುವೆಲ್ಲ ಬೀಳಿಸುವ ತಿರುವೇ. ಕಾರಣ ಗೊತ್ತಾದರೆ ಹೆದರಬೇಕಾದ ಜಾಗಗಳು ಬೆರಳೆಣಿಕೆಗೆ ಇಳಿಯುತ್ತವೆ.

ಕಾರಣ ನಿಮ್ಮ ಪತ್ರದಲ್ಲೇ ಚೂರುಚೂರಾಗಿ ಬಿದ್ದಿದೆ. ಹಿಂದಿನ ವಾರವಷ್ಟೇ ಮುಂದಿನ ಡ್ರಮ್ ಬ್ರೇಕ್ "ಟೈಟ್ ಮಾಡಿಸಿದ್ದೆ" ಅಂತೀರಿ. ಬಸ್ಸು ಕಂಡಾಗ ಗಾಡಿ ಆಗಲೇ ಎಡಕ್ಕೆ ವಾಲಿತ್ತು. "ಬಲಗೈ ಲಿವರ್ ಪೂರ್ತಿ ಹಿಡಿದುಬಿಟ್ಟೆ" ಎಂದೂ ಬರೆದಿದ್ದೀರಿ. ಕಾಲಿನ ಬ್ರೇಕ್ ಮಾತೇ ಇಲ್ಲ. ಇನ್ನು ರಸ್ತೆ: ಮರದ ನೆರಳಿನ ಅಂಚಿಗೆ ಮೊದಲ ಮಳೆಗೇ ಪಾಚಿ ಜೀವ ಹಿಡಿಯುತ್ತದೆ, ಬೇಸಿಗೆಯಿಡೀ ಕೂತ ಆಯಿಲ್ಲು, ಧೂಳು ನೆನೆದು ಲೋಳೆಯಾಗಿರುತ್ತದೆ.

ಟೈರಿನ ಹಿಡಿತವನ್ನು ಅಕ್ಕಿ ಅಂದುಕೊಳ್ಳಿ. ಒಣ ಟಾರಿನ ಮೇಲೆ ಒಂದು ಸೇರು ಇದೆ, ಪಾಚಿಯ ಮೇಲೆ ಒಂದೇ ಪಾವು. ತಿರುಗಲಿಕ್ಕೂ ಅದರಿಂದಲೇ ತೆಗೆಯಬೇಕು, ನಿಲ್ಲಿಸಲಿಕ್ಕೂ ಅದರಿಂದಲೇ ತೆಗೆಯಬೇಕು. ನೀವು ಪಾವಿನಲ್ಲಿ ಮುಕ್ಕಾಲು ಭಾಗ ತಿರುಗಲಿಕ್ಕೆ ಖರ್ಚು ಮಾಡಿದ್ದಿರಿ, ಉಳಿದದ್ದರ ಮೇಲೆ ಪೂರ್ತಿ ಬ್ರೇಕು ಕೇಳಿದಿರಿ. ಮುಂದಿನ ಚಕ್ರ ಲಾಕ್ ಆಯಿತು, ಅಂದರೆ ಉರುಳುವುದು ನಿಂತು ಜಾರತೊಡಗಿತು. ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಬಾಲ ಆಡಿಸುತ್ತದೆ, ಸ್ವಲ್ಪ ಸಮಯ ಕೊಡುತ್ತದೆ. ಮುಂದಿನದು ಲಾಕ್ ಆದರೆ ಕಣ್ಣು ಮಿಟುಕಿಸುವಷ್ಟೂ ಸಮಯ ಕೊಡುವುದಿಲ್ಲ. ನಿಮಗೆ "ಏನಾಯಿತು ಅಂತಲೇ ಗೊತ್ತಾಗಲಿಲ್ಲ" ಅನ್ನಿಸಿದ್ದು ಅದಕ್ಕೇ.

ನಿಮ್ಮ ಮಾಡೆಲ್‌ನ ಗಾಡಿಗೆ ಸಿ.ಬಿ.ಎಸ್. (ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಸುವ ಜೋಡಣೆ) ಇರುತ್ತದೆ, 125 ಸಿಸಿವರೆಗಿನ ಗಾಡಿಗಳಿಗೆ ಅದಾದರೂ ಇರಬೇಕು, ಎ.ಬಿ.ಎಸ್. ಆದರೂ ಇರಬೇಕು ಎಂಬ ನಿಯಮ 2019ರ ಏಪ್ರಿಲ್‌ನಲ್ಲಿ ಬಂತು. ಆದರೆ ಸಿ.ಬಿ.ಎಸ್. ಕೆಲಸ ಮಾಡುವುದು ಕಾಲಿನ ಪೆಡಲ್ ಒತ್ತಿದಾಗ. ಆಗ ಹಿಂದಿನದರ ಜೊತೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಕೈ ಲಿವರ್ ಒಂದನ್ನೇ ಹಿಡಿದರೆ ಮುಂದಿನದು ಮಾತ್ರ. ಚಕ್ರ ಲಾಕ್ ಆಗದಂತೆ ತಡೆಯುವ ಶಕ್ತಿ ಸಿ.ಬಿ.ಎಸ್.ಗೆ ಇಲ್ಲ, ಅದು ಎ.ಬಿ.ಎಸ್. ಕೆಲಸ. ಷೋರೂಮಿನಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗಿರಾಕಿಯ ತಲೆ ಕೆಡಿಸುವುದುಂಟು.

ಈಗ ಗಾಡಿ ಓಲಾಡುವ ವಿಷಯ. ಅದು ನಿಮ್ಮ ಭ್ರಮೆಯಲ್ಲ, ನಿಜಕ್ಕೂ ಓಲಾಡುತ್ತದೆ. ಓಡುವ ಬೈಕಿನ ಹ್ಯಾಂಡಲ್ ತನ್ನಷ್ಟಕ್ಕೆ ಕೂದಲೆಳೆಯಷ್ಟು ಆಚೀಚೆ ಆಡಿಕೊಂಡೇ ನೆಟ್ಟಗೆ ಹೋಗುವುದು. ಹೆದರಿಕೆಗೆ ಮೊಣಕೈ ಸೆಟೆದು, ಹಿಡಿಯನ್ನು ಅಮುಕಿ ಹಿಡಿದರೆ ಆ ಆಟ ನಿಂತುಹೋಗುತ್ತದೆ. ಭುಜದ ನಡುಕವೆಲ್ಲ ಮುಂದಿನ ಚಕ್ರಕ್ಕೆ ಇಳಿಯುತ್ತದೆ. ಗಾಡಿ ಓಲಾಡಿತು ಅಂತ ಇನ್ನಷ್ಟು ಅಮುಕುತ್ತೀರಿ. ಸಾಲದ್ದಕ್ಕೆ ಕಣ್ಣು ಬಸ್ಸಿನ ಮೇಲೇ ನೆಟ್ಟಿರುತ್ತದೆ. ಕಣ್ಣು ಎಲ್ಲೋ ಗಾಡಿ ಅಲ್ಲಿಗೇ. ಇದಕ್ಕೆ ಮದ್ದು ಕೈಯಲ್ಲಲ್ಲ, ತೊಡೆಯಲ್ಲಿದೆ. ಮಂಡಿಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿಯಿರಿ, ಮೈಭಾರ ಅಲ್ಲಿ ಕೂರಲಿ. ಮೊಣಕೈ ಮಡಿಸಿ ಒಂದು ಸಲ ಕೋಳಿ ರೆಕ್ಕೆ ಬಡಿದಂತೆ ಆಡಿಸಿ. ಆಡಿದರೆ ಕೈ ಸಡಿಲ ಇದೆ ಅಂತ ಲೆಕ್ಕ. ದವಡೆ ಕಚ್ಚಿಕೊಂಡಿದ್ದರೆ ಅದನ್ನೂ ಬಿಡಿ, ದವಡೆ ಬಿಟ್ಟರೆ ಭುಜ ತಾನಾಗಿ ಇಳಿಯುತ್ತದೆ.

ರಸ್ತೆಗೆ ಇಳಿಸುವ ಮೊದಲು ಗಾಡಿಯನ್ನು ಇನ್ನೊಮ್ಮೆ ನೋಡಬೇಕು. ರಿಪೇರಿ ಅಂದರೆ ಬಹಳ ಕಡೆ ಇಂಡಿಕೇಟರ್, ಲಿವರ್, ಫುಟ್‌ರೆಸ್ಟ್ ಬದಲಾಯಿಸುವುದು ಅಷ್ಟೇ. ಬಿದ್ದ ಗಾಡಿಯಲ್ಲಿ ಕಣ್ಣಿಗೆ ಕಾಣದೆ ಕೆಡುವುದು ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ), ಟಿ-ಸ್ಟೆಮ್ (ಫೋರ್ಕನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ದಂಡ), ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು). ಒಂದು ನೂಲಿನ ಹುರಿಯಿಂದ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಹುರಿಯನ್ನು ಹಿಂದಿನ ಟೈರಿಗೆ ಸುತ್ತಿ, ಎರಡೂ ಪಕ್ಕದಿಂದ ಮುಂದಕ್ಕೆ ಎಳೆದು ಬಿಗಿ ಹಿಡಿಯಿರಿ. ಸ್ಟ್ಯಾಂಡಿನ ಕಾಲು ಹುರಿಗೆ ತಾಗಬಾರದು. ಹಿಂದಿನ ಟೈರು ಅಗಲ ಇರುವುದರಿಂದ ಮುಂದಿನ ಟೈರಿನ ಎರಡೂ ಪಕ್ಕ ಸಂದು ಬರುತ್ತದೆ. ಮುಂದಿನ ಚಕ್ರ ನೇರ ಇಟ್ಟಾಗ ಆ ಸಂದು ಎರಡೂ ಕಡೆ ಸಮ ಇರಬೇಕು. ಸಮ ಇಲ್ಲದಿದ್ದರೆ ಮೊದಲು ಚೈನಿನ ಎರಡೂ ಅಡ್ಜಸ್ಟರ್ ಗುರುತು ಸರಿಯಾಗಿದೆಯೇ ನೋಡಿ. ಸರಿಯಿದ್ದೂ ಸಂದು ಬೇರೆಯಾದರೆ ಮೆಕ್ಯಾನಿಕ್ ಹತ್ತಿರ ಫೋರ್ಕ್ ಬಿಚ್ಚಿಸಬೇಕು. ಆಮೇಲೆ ಗಾಡಿಯ ಹಿಂಭಾಗವನ್ನು ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ, ಮುಂದಿನ ಚಕ್ರ ನೆಲಬಿಟ್ಟಾಗ ಹ್ಯಾಂಡಲನ್ನು ಎರಡೇ ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ನಟ್ಟನಡುವೆ ಬಂದಾಗ ಗುಳಿಗೆ ಬಿದ್ದ ಹಾಗೆ ಕಚ್ಚಿಕೊಂಡರೆ ಕೋನ್ ಸೆಟ್ ಹೋಗಿದೆ. ಅಂಥ ಗಾಡಿ ನೆಟ್ಟಗೆ ಹೋಗುವುದಿಲ್ಲ, ತಪ್ಪು ಮಾತ್ರ ಸವಾರನ ಧೈರ್ಯದ ಮೇಲೆ ಬರುತ್ತದೆ.

ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ನಿಂತದ್ದು ಅಂದ ಮೇಲೆ ಏರ್ ಫಿಲ್ಟರ್ ಬಿಚ್ಚಿ ಇಲಿ ಗೂಡಿದೆಯೇ ನೋಡಿ, ವೈರು ಕಡಿದಿದೆಯೇ ನೋಡಿ. ಟೈರ್ ಗಾಳಿಯನ್ನು ಗಾಡಿಯ ಸ್ಟಿಕ್ಕರಿನಲ್ಲಿ ಬರೆದಷ್ಟೇ, ಟೈರು ತಣ್ಣಗಿರುವಾಗ ಹಾಕಿಸಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಒತ್ತಿರುತ್ತದೆ: 2321 ಅಂದರೆ 2021ರ 23ನೇ ವಾರದ್ದು. ಸವೆತದ ಗುರುತು ಮುಟ್ಟುವವರೆಗೆ ಓಡಿಸಬಹುದು ಎಂಬುದು ಒಣ ಸೀಮೆಯ ಮಾತು. ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಾಯಿಸುವುದು ಒಳ್ಳೆಯದು. ಮುಂದಿನ ಬ್ರೇಕ್ ಲಿವರಿನ ತುದಿ ಒಂದರಿಂದ ಎರಡು ಸೆಂಟಿಮೀಟರ್ ಸಡಿಲ ಆಡಿದ ಮೇಲೆ ಶೂ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ) ಹಿಡಿಯಲು ಶುರುವಾಗಬೇಕು. ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿದೆ. ಮುಟ್ಟಿದ ಕೂಡಲೇ ಕಚ್ಚುವ ಡ್ರಮ್ ಬ್ರೇಕು ಒಳ್ಳೆಯ ಬ್ರೇಕಲ್ಲ.

ದೇಹಕ್ಕೂ ಪರೀಕ್ಷೆ ಇದೆ. ಡಾಕ್ಟರು ಹೂಂ ಅಂದಿರಬೇಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ, ಭುಜದ ಮೇಲಿಂದ ಹಿಂದೆ ನೋಡಿದಾಗ ನೋವಾಗಬಾರದು. ಎಡಗೈ ಕ್ಲಚ್ಚನ್ನು ಒಂದು ನಿಮಿಷ ಹಿಡಿದರೂ ನಡುಗಬಾರದು. ತೂಕಡಿಕೆ ಬರಿಸುವ ನೋವಿನ ಮಾತ್ರೆ ನುಂಗಿದ ದಿನ ಗಾಡಿ ಮುಟ್ಟಬೇಡಿ.

ಇನ್ನು ಅಭ್ಯಾಸ. ನೀವು ಮಾಡಿದ ತಪ್ಪು, ಕೈಗೆ ಧೈರ್ಯ ಬರುವ ಮೊದಲೇ ಹೆದ್ದಾರಿಗೆ ಹೋದದ್ದು. ಭಾನುವಾರ ಬೆಳಿಗ್ಗೆ ಖಾಲಿ ಇರುವ ಎಪಿಎಂಸಿ ಯಾರ್ಡಿನಂಥ ಕಾಂಕ್ರೀಟ್ ಅಂಗಳ ಹುಡುಕಿ. ಜಲ್ಲಿಮಣ್ಣಿನ ಶಾಲಾ ಮೈದಾನ ಬ್ರೇಕ್ ಕಲಿಯುವ ಜಾಗವಲ್ಲ. ಮೊದಲ ದಿನ ಫಸ್ಟ್ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ, ನಡಿಗೆಯ ವೇಗದಲ್ಲಿ ಹೋಗಿ ನಿಲ್ಲಿಸುವುದು, ಮತ್ತೆ ಹೊರಡುವುದು, ಎಂಟು ಬರೆಯುವುದು. ಅರ್ಧ ಗಂಟೆ ಸಾಕು, ದಣಿದ ಕೈ ತಪ್ಪನ್ನೇ ಕಲಿಯುತ್ತದೆ.

ಎರಡನೇ ದಿನದಿಂದ ಬ್ರೇಕು, ಇದಕ್ಕೇ ಹೆಚ್ಚು ದಿನ ಕೊಡಿ. ಒಂದು ಗೆರೆ ಎಳೆದು, ಗಂಟೆಗೆ 20 ಕಿ.ಮೀ. ವೇಗದಲ್ಲಿ ನೆಟ್ಟಗೆ ಬಂದು, ಗೆರೆ ದಾಟುವಾಗ ಬ್ರೇಕ್ ಹಾಕಿ. ಕಾಲೂ ಕೈಯೂ ಒಟ್ಟಿಗೆ. ಕೈಯದು ಎರಡು ಹಂತ: ಮೊದಲು ಶೂ ತಾಗುವಷ್ಟು ಹಿಡಿಯುವುದು, ಗಾಡಿಯ ಭಾರ ಮುಂದಕ್ಕೆ ಬಂದು ಫೋರ್ಕು ತಗ್ಗಿದ ಮೇಲೆ ಜೋರು ಮಾಡುವುದು. ನಿಂಬೆಹಣ್ಣು ಹಿಂಡುವ ಹಾಗೆ, ಕೋಳಿ ಕುತ್ತಿಗೆ ಹಿಡಿದ ಹಾಗಲ್ಲ. ಮುಂದಿನ ಟೈರು ಕಿರ್ರೆಂದರೆ ತಕ್ಷಣ ಸಡಿಲಿಸಿ ಮತ್ತೆ ಹಿಡಿಯಿರಿ. ನಿಂತಲ್ಲಿ ಒಂದು ಕಲ್ಲಿಡಿ. ಹತ್ತು ಸಲದಲ್ಲಿ ಎಂಟು ಸಲ ಅದೇ ಕಲ್ಲಿನ ಹತ್ತಿರ ನಿಂತರೆ 30ಕ್ಕೆ ಏರಿಸಿ, ಆಮೇಲೆ 40ಕ್ಕೆ. 40ರಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್, ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 12 ಮೀಟರ್, ಒಟ್ಟು ಹೆಚ್ಚುಕಡಿಮೆ ಎರಡು ಬಸ್ಸಿನುದ್ದ. ನೆನೆದ ರಸ್ತೆಯಲ್ಲಿ ಮೂರು ಬಸ್ಸಿನುದ್ದಕ್ಕೆ ಹತ್ತಿರ ಬೇಕು. ಈ ಲೆಕ್ಕ ಕಾಲಿಗೆ ಗೊತ್ತಾಗಲೆಂದು ಆ ದೂರವನ್ನು ಹೆಜ್ಜೆ ಹಾಕಿ ಅಳೆಯಿರಿ. ತಿರುವಿನಾಚೆ ಅಷ್ಟು ರಸ್ತೆ ಕಾಣದಿದ್ದರೆ 40 ಹೆಚ್ಚಾಯಿತು ಎಂದೇ ಅರ್ಥ.

ತಿರುವಿನ ಪಾಠ ಚಿಕ್ಕದು. ಬ್ರೇಕು, ಗೇರು ಎರಡೂ ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ವಾಲಿದ ಮೇಲೆ ತೆಳುವಾಗಿ ಆಕ್ಸಿಲರೇಟರ್ ಮಾತ್ರ. ಕ್ಲಚ್ ಹಿಡಿಯಬೇಡಿ. ಕಣ್ಣು ತಿರುವು ಬಿಚ್ಚಿಕೊಳ್ಳುವ ಕಡೆಗೆ. ಎಡತಿರುವಿನಲ್ಲಿ ಎಡದಂಚಿಗೆ ಅಂಟಿಕೊಳ್ಳಬೇಡಿ, ಪಾಚಿ, ತರಗೆಲೆ ಇರುವುದು ಅಲ್ಲೇ. ನಿಮ್ಮ ಪಾಲಿನ ರಸ್ತೆಯಲ್ಲಿ ಬಸ್ಸು ಲಾರಿಯ ಚಕ್ರ ಉಜ್ಜಿದ ಜಾಡು ಇರುತ್ತದೆ, ಅದರಲ್ಲಿ ಹೋಗಿ. ಇನ್ನು ಕೊನೆಕೊಯ್ಲು ಶುರುವಾದರೆ ರಸ್ತೆ ಬದಿಗೆ ಅಡಕೆ ಸಿಪ್ಪೆ ಬೀಳುತ್ತದೆ. ಬೆಳಗಿನ ಇಬ್ಬನಿಗೆ ನೆನೆದ ಸಿಪ್ಪೆ ಪಾಚಿಗೇನೂ ಕಡಿಮೆಯಲ್ಲ.

ಬಿದ್ದ ಜಾಗಕ್ಕೆ ಮೊದಲ ಸಲ ಗಾಡಿಯಲ್ಲಿ ಹೋಗಬೇಡಿ. ಬಸ್ಸಿನಲ್ಲಿ ಹೋಗಿ ಇಳಿದು, ಆ ತಿರುವನ್ನು ನಡೆದು ನೋಡಿ. ನೆರಳು ಎಲ್ಲಿಂದ ಎಲ್ಲಿವರೆಗೆ, ಎದುರು ಬಸ್ಸು ಯಾವ ಮರದ ಹತ್ತಿರ ಕಾಣುತ್ತದೆ, ನೀವು ಎಲ್ಲಿ ವೇಗ ಇಳಿಸಬೇಕಿತ್ತು ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಬಿಸಿಲು ಬಿದ್ದ ಹನ್ನೊಂದು ಗಂಟೆಗೆ ತೀರ್ಥಹಳ್ಳಿ ಕಡೆಯಿಂದ, ಎಂದರೆ ಅದು ನಿಮಗೆ ಬಲತಿರುವಾಗುವ ಹಾಗೆ, ಎರಡು ಮೂರು ಸಲ. ಅದು ಸಲೀಸಾದ ಮೇಲೆ ಬಿದ್ದ ದಿಕ್ಕಿನಿಂದ. ತುಂತುರು ಮಳೆ, ಸಂಜೆಗತ್ತಲು, ಹಿಂದೆ ಮನೆಯವರು, ಇವನ್ನೆಲ್ಲ ಒಂದೊಂದಾಗಿ ಸೇರಿಸಿ. ಎರಡನ್ನು ಒಂದೇ ದಿನ ಸೇರಿಸಬೇಡಿ. ಉಡುಪಿ ಕಡೆ ಇಳಿಯುವ ಆಗುಂಬೆಯ 14 ತಿರುವು ಕಟ್ಟಕಡೆಗೆ ಇರಲಿ. ಅಲ್ಲಿ ಇಳಿಯುವಾಗ ಸೆಕೆಂಡ್ ಗೇರು, ನ್ಯೂಟ್ರಲ್ ಮಾಡಬಾರದು, ಇಕ್ಕಟ್ಟಾದಲ್ಲಿ ಹತ್ತಿ ಬರುವ ವಾಹನಕ್ಕೆ ಮೊದಲು ದಾರಿ.

ಸ್ಕೂಟರ್ ಬೇಡ ಅನ್ನುವುದಿಲ್ಲ, ಆದರೆ ಈ ಕಾರಣಕ್ಕೆ ಬೇಡ. ಅದರ ಚಕ್ರ 10 ಅಥವಾ 12 ಇಂಚಿನದು, ನಿಮ್ಮ ಬೈಕಿನದು 17 ಅಥವಾ 18. ಹೊಂಡಕ್ಕೆ ಚಿಕ್ಕ ಚಕ್ರವೇ ಬೇಗ ಇಳಿಯುವುದು. ಟ್ಯಾಂಕ್ ಇಲ್ಲದ್ದರಿಂದ ಮಂಡಿಗೆ ಆಸರೆಯೂ ಇಲ್ಲ, ಭಾರವೆಲ್ಲ ಮತ್ತೆ ಕೈಗೇ. ಮಾರುವ ಮಾತನ್ನು ಮನೆಯವರ ಹತ್ತಿರ ಈ ಅಭ್ಯಾಸ ಮುಗಿದ ಮೇಲೆ ಮಾತಾಡಿ. ಆಗಲೂ ಬೇಡವೆನ್ನಿಸಿದರೆ ಮಾರಿ, ಅದರಲ್ಲಿ ಅವಮಾನವೇನಿಲ್ಲ.

"ರಾತ್ರಿ ಆ ಸದ್ದು ಕೇಳಿದ ಹಾಗಾಗಿ ಎದ್ದು ಕೂರುತ್ತೇನೆ" ಎಂದು ಪತ್ರದ ನಡುವೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಬಿದ್ದ ಒಂದೆರಡು ವಾರ ಹೀಗಾಗುವುದು ಸಹಜ. ನಾಲ್ಕು ತಿಂಗಳಾದರೂ ಬಿಡದಿದ್ದರೆ ಅದು ಬ್ರೇಕ್ ಅಭ್ಯಾಸಕ್ಕೆ ಬಗ್ಗುವ ಸಂಗತಿಯಲ್ಲ, ಚಿಕಿತ್ಸೆಗೆ ಬಗ್ಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಲ್ಲಿವರೆಗೆ ಹೋಗಲು ಮುಜುಗರವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಮೊದಲು ಮಾಡಿ, ಗಾಡಿ ಎರಡು ವಾರ ತಡವಾದರೂ ಕೊಟ್ಟಿಗೆಯಲ್ಲೇ ಇರುತ್ತದೆ.

ವಿ.ಸೂ.ದಲ್ಲಿ ಕೇಳಿದ್ದೀರಿ: ಹೆಲ್ಮೆಟ್ಟಿಗೆ ಬರೀ ಗೀರು ಬಿದ್ದಿದೆ, ತಮ್ಮನಿಗೆ ಕೊಡಬಹುದೇ? ಕೊಡಬೇಡಿ. ಪೆಟ್ಟು ತಾಳುವುದು ಮೇಲಿನ ಚಿಪ್ಪಲ್ಲ, ಒಳಗಿನ ಥರ್ಮಾಕೋಲ್. ಅದು ಒಮ್ಮೆ ಅಮುಕಿತೆಂದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಹೆಲ್ಮೆಟ್ ಗುಣಮಟ್ಟದ ಐ.ಎಸ್. 4151 ಮುದ್ರೆಯ ಹೊಸದೊಂದು ಕೊಳ್ಳಿ. ಹಳೆಯದನ್ನು ಎಸೆಯುವಾಗ ಗಲ್ಲದ ಪಟ್ಟಿ ಕತ್ತರಿಸಿ ಎಸೆಯಿರಿ. ಇಲ್ಲದಿದ್ದರೆ ಯಾರಾದರೂ ಹೆಕ್ಕಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ.

— ಸಂಪಾದಕರು