ಕರುಳಿನ ಕೊರೊನಾ ಹಂದಿಯ ಶ್ವಾಸಕೋಶಕ್ಕೆ ಹೇಗೆ ಹೋಯಿತು?

ಹಾವೇರಿ ಕಡೆ ಹಂದಿ ಸಾಕುವವರೊಬ್ಬರು ಕೇಳಿದ್ದಾರೆ: ಭೇದಿ ತರುವ ವೈರಸ್ ಶ್ವಾಸಕೋಶಕ್ಕೂ ಹೊಂದಿಕೊಳ್ಳುತ್ತಾ?

ಹೌದು. ಟಿಜಿಇವಿ ಎಂಬ ಕೊರೊನಾ ವೈರಸ್ ಹಂದಿಮರಿಗಳಿಗೆ ನೀರಿನಂಥ ಭೇದಿ ಹಿಡಿಸುತ್ತದೆ. ಅದರ ಮೈಮೇಲಿನ ಮುಳ್ಳು, ಅಂದ್ರೆ ಸ್ಪೈಕ್, ಜೀವಕೋಶದ ಎಪಿಎನ್ ಎಂಬ ಪ್ರೋಟೀನನ್ನು ಹಿಡಿದು ಒಳನುಗ್ಗುತ್ತದೆ. ಮುಳ್ಳಿನ ಇನ್ನೊಂದು ತುದಿ ಜೀವಕೋಶದ ಮೇಲಿನ ಸಕ್ಕರೆ ಅಣುಗಳಿಗೆ ಅಂಟುತ್ತದೆ. ಕರುಳಲ್ಲಿ ನೆಲೆಯೂರಲು ಇದು ನೆರವಾಗುತ್ತದೆ.

1984ರಲ್ಲಿ ಬೆಲ್ಜಿಯಂನಲ್ಲಿ ಸಕ್ಕರೆಗೆ ಅಂಟುವ ಆ ತುದಿಯೇ ಇಲ್ಲದ, ಇದೇ ವೈರಸ್‌ನ ತಳಿ ಸಿಕ್ಕಿತು: ಪಿಆರ್‌ಸಿವಿ. ಮುಳ್ಳಿನ 200ಕ್ಕೂ ಜಾಸ್ತಿ ಅಮೈನೋ ಆಮ್ಲ, ಅಂದ್ರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, ಮಾಯ! ಆದರೆ ಎಪಿಎನ್ ಹಿಡಿಯುವ ಭಾಗ ಹಾಗೇ ಉಳಿದಿತ್ತು. ವೈರಸ್ ಕರುಳು ಬಿಟ್ಟು ಶ್ವಾಸಕೋಶದಲ್ಲಿ ಮನೆ ಮಾಡಿತು. ಕಳೆದುಕೊಂಡು ಹೊಸ ಊರು ಸೇರಿದಂತೆ, ಅಲ್ವಾ?

ಹಂದಿಯ ಡೆಲ್ಟಾ ಕೊರೊನಾ ವೈರಸ್ (ಕೋವಿಡ್‌ನ ಡೆಲ್ಟಾ ಅಲ್ಲ) ಬೇರೆ ಜಾತಿಯದು. ಅದು ಕೋಳಿಯ, ಮನುಷ್ಯರ ಎಪಿಎನ್ ಅನ್ನೂ ಹಿಡಿಯಬಲ್ಲದು. ಹಾಗಾಗಿ ಹಿತ್ತಲಲ್ಲಿ ಕೋಳಿ, ಹಂದಿ ಒಟ್ಟಿಗಿದ್ದರೆ ಬೇರೆ ಮಾಡಿ.