ಪಿಇಜಿ ಹೀಲಿಕ್ಸನ್ನು ಕೆಡಿಸಿತು ಅನ್ನುವ ಮೊದಲು ಭಾಗಾಕಾರ ನೋಡಿ

ಪಾಲಿಗ್ಲುಟಾಮಿಕ್ ಆಮ್ಲದ (ಗ್ಲುಟಾಮಿಕ್ ಘಟಕಗಳ ಪೆಪ್ಟೈಡ್ ಸರಪಳಿ) ತುದಿಗೆ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಅಂಟಿಸಿದ ಮೇಲೆ 222 ನ್ಯಾನೊಮೀಟರಿನ ಸಿಡಿ (ಬೆಳಕಿನಿಂದ ಮಡಿಕೆ ಅಳೆಯುವ ಸರ್ಕ್ಯುಲರ್ ಡೈಕ್ರೊಯಿಸಂ) ತಗ್ಗು ಮೇಲೆ ಬಂತು, ಅಂದರೆ ಹೀಲಿಕ್ಸ್ ಎಂಬ ಸುರುಳಿ ಮಡಿಕೆ ಕಮ್ಮಿಯಾದಂತೆ ಕಂಡಿತು, ಪಿಇಜಿ ಗಿಡ್ಡ ಮಾಡಲೇ ಅಂತ ಕೇಳಿದ್ದೀರಿ. ಬೇಡ. ಇದೇ ತಗ್ಗು ನೋಡಿ ನಾನೂ ಪಿಇಜಿಯನ್ನೇ ಬೈದಿದ್ದೆ.

ನನ್ನದು 5000 ಅಣುತೂಕದ ಪಿಇಜಿ, ತುದಿಯಲ್ಲಿ 20 ಗ್ಲುಟಾಮಿಕ್ ಘಟಕ. ಘಟಕಕ್ಕೆ 129ರಂತೆ ಪೆಪ್ಟೈಡಿನ ಪಾಲು 2580, ಒಟ್ಟು 7580. ಮಿಲಿಲೀಟರಿಗೆ 0.2 ಮಿಲಿಗ್ರಾಂ, 1 ಮಿಲಿಮೀಟರ್ ಕ್ಯುವೆಟ್, ಓದಿದ್ದು -15.8 ಮಿಲಿಡಿಗ್ರಿ. ನಾನು ಆ 0.2 ಇಡೀ ಪೆಪ್ಟೈಡೇ ಅನ್ನುವ ಹಾಗೆ 129ರಿಂದ ಭಾಗಿಸಿದೆ: 1550 ಮೈಕ್ರೊಮೋಲಾರ್ ಘಟಕ, ಎಲಿಪ್ಟಿಸಿಟಿ (ಒಂದು ಘಟಕದ ಲೆಕ್ಕಕ್ಕೆ ತಂದ ಸಿಡಿ ಸಂಕೇತ; ಹೆಚ್ಚು ಋಣವಾದಷ್ಟೂ ಹೆಚ್ಚು ಹೀಲಿಕ್ಸ್) -10,200. ಭಾಗಿಸಬೇಕಿದ್ದದ್ದು 7580ರಿಂದ. ಆಗ ಸರಪಳಿ 26.4 ಮೈಕ್ರೊಮೋಲಾರ್, 20ರಿಂದ ಗುಣಿಸಿದರೆ 528. ಉತ್ತರ ಸುಮಾರು -30,000. ಈ ಉದ್ದಕ್ಕೆ ಪೂರ್ತಿ ಹೀಲಿಕ್ಸ್ ಅಂದರೆ -35,000ದ ಆಸುಪಾಸು. ಪಿಇಜಿ 222ರಲ್ಲಿ ಏನೂ ತೋರಿಸುವುದಿಲ್ಲ, ತಕ್ಕಡಿಯಲ್ಲಿ ಮಾತ್ರ ಮೂರನೇ ಎರಡು ಭಾಗ ತಾನೇ ಕೂತಿರುತ್ತದೆ.

ಆ 20 ಅನ್ನೂ ನಂಬಬೇಡಿ, ಎಣಿಸಿ. ಎನ್‌ಎಂಆರ್‌ನಲ್ಲಿ (ಹೈಡ್ರೋಜನ್ ಎಣಿಸಲು ಬಳಸುವ ಅಳತೆ) 3.6ರ ಪಿಇಜಿ ಶೃಂಗವನ್ನು 452ಕ್ಕೆ (113 ಘಟಕ, ತಲಾ 4 ಹೈಡ್ರೋಜನ್) ಹೊಂದಿಸಿ, 4.3ರ ಸುತ್ತಲಿನ, ಘಟಕಕ್ಕೊಂದರಂತಿರುವ ಆಲ್ಫಾ ಹೈಡ್ರೋಜನ್ ಓದಿದರೆ ಸರಾಸರಿ ಉದ್ದ ಸಿಗುತ್ತದೆ. ಎನ್‌ಸಿಎ (ಅಮಿನೊ ಆಮ್ಲದ ಕ್ರಿಯಾಶೀಲ ರೂಪ) ಪಾಲಿಮರೀಕರಣಕ್ಕೆ ದ್ರಾವಕ ತೇವವಾಗಿದ್ದರೆ ನೀರೂ ಸರಪಳಿ ಶುರುಮಾಡುತ್ತದೆ. ಪಿಇಜಿ ಇಲ್ಲದ ಪೆಪ್ಟೈಡ್ ಬೆರೆತು ಈ ಎಣಿಕೆ ಉಬ್ಬುತ್ತದೆ.

ಮಡಿಕೆಯನ್ನು ನಿಜವಾಗಿ ನಿರ್ಧರಿಸುವುದು ಪೆಪ್ಟೈಡ್ ಬ್ಲಾಕಿನ ಉದ್ದ. ಹೀಲಿಕ್ಸಿನ ಮೊದಲ ನಾಲ್ಕು ಎನ್‌ಹೆಚ್‌ಗೂ ಕೊನೆಯ ನಾಲ್ಕು ಕಾರ್ಬೊನಿಲ್‌ಗೂ ಹೈಡ್ರೋಜನ್ ಬಂಧದ ಜೋಡಿ ಸಿಗುವುದಿಲ್ಲ. 8 ಘಟಕದ ಸರಪಳಿಯಲ್ಲಿ ಬಹುಪಾಲು ತುದಿಯೇ, ನಡು ಎಲ್ಲಿ? ಅಮಿನೊ ಆಮ್ಲದ ಡಿ ಮತ್ತು ಎಲ್ (ಕನ್ನಡಿ ಬಿಂಬ) ರೂಪ ಅಡ್ಡಾದಿಡ್ಡಿ ಬೆರೆತರೆ ಉದ್ದವೂ ಕಾಪಾಡದು.

ಆಮೇಲೆ ಅಂಟಿಸುವ ಜಾಗ. ತುದಿಯಲ್ಲಾದರೆ ಹೀಲಿಕ್ಸಿಗೆ ಹೆಚ್ಚು ತೊಂದರೆಯಿಲ್ಲ. ಕಾಯಿಲ್ಡ್ ಕಾಯಿಲ್ (ಹೀಲಿಕ್ಸುಗಳು ಒಂದಕ್ಕೊಂದು ಹೆಣೆದ ಕಟ್ಟು) ಆದರೆ ಹೊರಮೈಯಲ್ಲಿ ಹಾಕಿ. ಏಳರ ಆವರ್ತದಲ್ಲಿ ಒಳಗೆ ತಿರುಗಿದ ಎ, ಡಿ ಸ್ಥಾನಗಳಲ್ಲಿ ಹಾಕಿದರೆ ಕಟ್ಟೇ ಬಿಚ್ಚಿಹೋಗುತ್ತದೆ.

ನೀವು ಪಿಹೆಚ್ 7.4ರ ಉಪ್ಪು ಬಫರ್ ಪಿಬಿಎಸ್‌ನಲ್ಲಿ ಅಳೆದಿದ್ದರೆ ಬೇರೆ ಮಾತೇ ಬೇಡ: ಅಲ್ಲಿ ಕಾರ್ಬಾಕ್ಸಿಲೇಟುಗಳು ಒಂದನ್ನೊಂದು ತಳ್ಳಿ, ಪಿಇಜಿ ಇರಲಿ ಬಿಡಲಿ, ಸರಪಳಿ ಸುರುಳಿ ಬಿಚ್ಚಿಕೊಂಡಿರುತ್ತದೆ. ಜೊತೆಗೆ ಕ್ಲೋರೈಡ್ 200ಕ್ಕಿಂತ ಕೆಳಗಿನ ಸಂಕೇತವನ್ನು ನುಂಗುತ್ತದೆ. 2000ದ ಪಿಇಜಿ ತರಿಸುವ ಮೊದಲು ಪಿಹೆಚ್ ಅನ್ನು 4.5ಕ್ಕೆ ಇಳಿಸಿ, ಉಪ್ಪು ಬೇಕಾದರೆ ಸೋಡಿಯಂ ಫ್ಲೋರೈಡ್ ಹಾಕಿ, ಈಗಿರುವ ಮಾದರಿಯನ್ನೇ ಮತ್ತೊಮ್ಮೆ ಅಳೆಯಿರಿ.