ಯಾಟ್ ಕೆಲಸಕ್ಕೆ ಬರಲಾ ಅಂತ ಕೇಳಿದ್ದಕ್ಕೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಹೋಟೆಲಿನಲ್ಲಿ ಎರಡು ವರ್ಷ ಹೌಸ್‌ಕೀಪಿಂಗ್ ಮಾಡಿದ್ದೀಯ. ಈಗ ಕೆರಿಬಿಯನ್‌ನಲ್ಲಿ ಚಾರ್ಟರ್ ಯಾಟ್ ಮೇಲೆ, ಅಂದರೆ ರಜೆಗೆ ಬಾಡಿಗೆ ಹಿಡಿಯುವ ಐಷಾರಾಮಿ ಬೋಟಿನಲ್ಲಿ, ಕ್ಯಾಬಿನ್ನು, ಗೆಸ್ಟ್‌ಗಳನ್ನು ನೋಡಿಕೊಳ್ಳುವ ಸ್ಟೀವರ್ಡೆಸ್ (ಬಾಯಿಮಾತಲ್ಲಿ ಸ್ಟ್ಯೂ) ಆಗಬೇಕು ಅಂತಿದ್ದೀಯ. ಕೇಳಿರೋದು ಮೂರು ಪ್ರಶ್ನೆ: ಫೋಟೋದಲ್ಲಿ ಕಾಣುವ ಹಾಗೇ ಇರುತ್ತಾ, ದುಡ್ಡು ಉಳಿಯುತ್ತಾ, ಹೆಣ್ಣುಮಗಳು ಒಬ್ಬಳೇ ಬರಬಹುದಾ.

ನಾನು ಆರು ಸೀಸನ್ ಆ ಕೆಲಸ ಮಾಡಿದೆ. ಈಗ ಕೆರಿಬಿಯನ್‌ನ ಆಂಟಿಗಾ ದ್ವೀಪದ ಫಾಲ್ಮೌತ್ ಹಾರ್ಬರ್ ಹತ್ತಿರ ಪುಟ್ಟ ಲಾಂಡ್ರಿ ಇಟ್ಟುಕೊಂಡಿದ್ದೇನೆ. ಯಾಟ್‌ಗಳ ಹಾಸಿಗೆ ಬಟ್ಟೆ, ಟವೆಲ್ಲು ಒಗೆದು ಇಸ್ತ್ರಿ ಮಾಡಿ ಕೊಡುತ್ತೇನೆ. ಯಾಟ್ ಬಿಟ್ಟೆ, ಟವೆಲ್ಲು ನನ್ನನ್ನು ಬಿಡಲಿಲ್ಲ.

ಫೋಟೋ ಸುಳ್ಳಲ್ಲ. ನೀರು ಅಷ್ಟೇ ನೀಲಿ ಇರುತ್ತದೆ. ಆದರೆ ನಿನಗೆ ಅದು ಕಾಣೋದು ಹೆಚ್ಚಾಗಿ ಕಿಟಕಿ ಒರೆಸುವಾಗ. ವರ್ಜಿನ್ ಗೋರ್ಡಾ ದ್ವೀಪದಲ್ಲಿ ಬಾತ್ಸ್ ಅಂತ ಒಂದು ಜಾಗ ಇದೆ. ಮನೆಯಷ್ಟು ದೊಡ್ಡ ಬಂಡೆಗಳ ಸಂದಿಯಲ್ಲಿ ಸಮುದ್ರದ ನೀರು ನಿಂತಿರುತ್ತದೆ. ಅದರ ಎದುರಿಗೆ ಎಷ್ಟು ಸಲ ಲಂಗರು ಹಾಕಿದ್ದೆವೋ ಲೆಕ್ಕವಿಲ್ಲ. ನಾನು ಒಳಗೆ ಕಾಲಿಟ್ಟಿದ್ದು ಮೂರನೇ ಸೀಸನ್ನಿನಲ್ಲಿ. ಗೆಸ್ಟ್‌ಗಳು ಟೆಂಡರ್ ಅನ್ನುವ ಪುಟ್ಟ ದೋಣಿಯಲ್ಲಿ ಅತ್ತ ಹೋದರು ಅಂದರೆ ನಮಗೆ ಸಿಗೋದು ಒಂದೂವರೆ ಗಂಟೆ. ಅಷ್ಟರಲ್ಲಿ ಎಲ್ಲ ಕ್ಯಾಬಿನ್ನೂ ಬಾತ್‌ರೂಮೂ ಯಾರೂ ಬಳಸಿಯೇ ಇಲ್ಲವೇನೋ ಅನ್ನುವ ಹಾಗೆ ಆಗಬೇಕು.

ಹೋಟೆಲಿನ ಅನುಭವ ಖಂಡಿತ ಸಹಾಯಕ್ಕೆ ಬರುತ್ತದೆ. ಆದರೆ ಇಲ್ಲಿಯ ಕ್ಲೀನಿಂಗ್ ಬೇರೆ ಥರ. ಕೈಯಲ್ಲಿ ಯಾವಾಗಲೂ ಕಿವಿಗೆ ಹಾಕುವ ಹತ್ತಿ ಕಡ್ಡಿ ಇರುತ್ತದೆ. ನಲ್ಲಿ ಬೇಸಿನ್ನಿಗೆ ಸೇರುವ ಕಡೆ ಕೂದಲೆಳೆಯಷ್ಟು ಸಂದಿ ಇರುತ್ತಲ್ಲ, ಅದರಲ್ಲಿ ಕಡ್ಡಿ ತೂರಿಸಿ ಕೊಳೆ ತೆಗೆಯಬೇಕು. ಆಮೇಲೆ ಚೀಫ್ ಸ್ಟ್ಯೂ, ಅಂದರೆ ನಮ್ಮ ಮೇಲಿನವಳು, ಬಂದು ಟಾರ್ಚನ್ನು ಅಡ್ಡ ಹಿಡಿದು ಬೆಳಕು ಬಿಡುತ್ತಾಳೆ. ನೇರ ಬೆಳಕಿನಲ್ಲಿ ಕಾಣದ ನೀರಿನ ಕಲೆ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಮೊದಲ ವಾರ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಈಗ ನನ್ನ ಲಾಂಡ್ರಿಯಲ್ಲಿ ನಾನೂ ಹಾಗೇ ಟಾರ್ಚ್ ಹಿಡಿಯುತ್ತೇನೆ!

ಬಿಳಿ ಟವೆಲ್ ಮೇಲೆ ತುಕ್ಕಿನ ಬಣ್ಣದ ಕಲೆ ಬಂದರೆ ಸನ್‌ಸ್ಕ್ರೀನ್‌ದೇ ಅಂದುಕೊ. ಅದರಲ್ಲಿ ಅವೊಬೆನ್‌ಜೋನ್ ಅಂತ ಒಂದು ಪದಾರ್ಥ ಇರುತ್ತದೆ, ಅದು ನೀರಿನಲ್ಲಿರುವ ಕಬ್ಬಿಣದ ಅಂಶ ಸೇರಿದರೆ ಹಾಗಾಗುತ್ತದೆ. ಗಾಬರಿಯಾಗಿ ಬ್ಲೀಚ್ ಸುರಿಯಬೇಡ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ ಹಚ್ಚು.

ದುಡಿಮೆಯ ಹೊತ್ತಿಗೆ ಕಾನೂನು ಇದೆ. ಸಮುದ್ರ ಕಾರ್ಮಿಕರ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು. ಚಾರ್ಟರ್ ಬೋಟ್‌ಗಳಲ್ಲಿ ಪ್ರತಿಯೊಬ್ಬರೂ ಅದರ ಶೀಟ್ ತುಂಬಿ ಸಹಿ ಹಾಕುತ್ತಾರೆ. ನನ್ನ ಎರಡನೇ ಬೋಟ್‌ನಲ್ಲಿ ಆ ಶೀಟನ್ನು ಮೊದಲೇ ತುಂಬಿ ಇಟ್ಟಿರುತ್ತಿದ್ದರು, ನಾವು ಸುಮ್ನೆ ಸಹಿ ಹಾಕುವುದಷ್ಟೇ. ಕ್ರಿಸ್‌ಮಸ್ ವಾರದಲ್ಲಿ ಐದು ಗಂಟೆ ಮಲಗಿದ ದಿನವೂ ಕಾಗದದ ಮೇಲೆ ಹತ್ತು. ನಾನೂ ಸಹಿ ಹಾಕಿದೆ, ಹಾಕಬಾರದಿತ್ತು. ನೀನು ನಿನ್ನದೇ ಒಂದು ಪುಸ್ತಕದಲ್ಲಿ ದಿನಾ ಗಂಟೆ ಬರೆದಿಟ್ಟುಕೊ.

ಇಷ್ಟಾದರೂ ಕೆಲಸದ ಕಷ್ಟ ಒಂದು ತಿಂಗಳಲ್ಲಿ ಮೈಗೆ ಹತ್ತಿಬಿಡುತ್ತದೆ. ಮೈಗೆ ಹತ್ತದೇ ಇರೋದು ಬೇರೆ. ಒಬ್ಬಳೇ ಇರೋಕೆ ಒಂದು ಮೂಲೆಯೂ ಸಿಗುವುದಿಲ್ಲ.

ಕ್ರೂ, ಅಂದರೆ ಬೋಟಿನ ಕೆಲಸದವರ, ಕ್ಯಾಬಿನ್ನು ಸಾಮಾನ್ಯವಾಗಿ ಮುಂಭಾಗದಲ್ಲಿ, ಕೆಳಗೆ ಇರುತ್ತದೆ. ಎರಡು ಬಂಕು, ಒಂದರ ಮೇಲೆ ಒಂದು. ನನ್ನ ಮೊದಲ ಬಂಕಿನಲ್ಲಿ ನೆಟ್ಟಗೆ ಕೂತರೆ ತಲೆ ಮೇಲಿನ ಹಲಗೆಗೆ ತಾಗುತ್ತಿತ್ತು. ಬಂಕಿಗೆ ಒಂದು ಪರದೆ, ಅದೇ ನನ್ನ ಬಾಗಿಲು. ಕೆಳಗೆ ಮಲಗಿದವಳು ಮಗ್ಗುಲು ಬದಲಿಸಿದರೂ ಗೊತ್ತಾಗುತ್ತಿತ್ತು. ಊಟಕ್ಕೆ ಕೂತರೆ ಅದೇ ಒಂಬತ್ತು ಮುಖ, ಜಗಳ ಆಡಿದವರ ಎದುರಿಗೇ ಊಟ. ಅಳು ಬಂದರೆ ಎಲ್ಲಿಗೆ ಹೋಗ್ತೀಯ ಹೇಳು? ನಾನು ಇಸ್ತ್ರಿ ಕೋಣೆಗೆ ಹೋಗುತ್ತಿದ್ದೆ. ಡ್ರೈಯರ್ ಓಡುತ್ತಿದ್ದರೆ ಹೊರಗೆ ಕೇಳಿಸುವುದಿಲ್ಲ. ಎಷ್ಟೋ ಜನ ಹುಡುಗಿಯರು ಅರ್ಧ ಸೀಸನ್ನಿಗೇ ಇಳಿದು ಹೋಗಿದ್ದನ್ನು ನೋಡಿದ್ದೇನೆ. ಕೆಲಸಗಳ್ಳಿ ಒಬ್ಬಳೂ ಇರಲಿಲ್ಲ ಅವರಲ್ಲಿ.

ದುಡ್ಡಿನ ವಿಷಯ. ಹೊಸ ಸ್ಟ್ಯೂಗೆ ತಿಂಗಳಿಗೆ 2,500ರಿಂದ 3,500 ಡಾಲರ್ ಆಸುಪಾಸು ಸಿಗುತ್ತದೆ. ಊಟ, ಇರೋ ಜಾಗ, ಯೂನಿಫಾರ್ಮ್ ಎಲ್ಲ ಬೋಟಿನದೇ, ಹಾಗಾಗಿ ಬಂದದ್ದು ಉಳಿಯುತ್ತದೆ. ಚಾರ್ಟರ್ ಮುಗಿದ ರಾತ್ರಿ ದಡಕ್ಕೆ ಇಳಿದು ಬಾರ್‌ನಲ್ಲಿ ಸುರಿಯದಿದ್ದರೆ, ಅಷ್ಟೇ. ಇದರ ಮೇಲೆ ಟಿಪ್ಸು. ಹೆಚ್ಚಿನ ಬೋಟ್‌ಗಳಲ್ಲಿ ಒಟ್ಟಿಗೆ ಸೇರಿಸಿ ಹಂಚುತ್ತಾರೆ. ಆದರೆ ಟಿಪ್ಸ್ ನಂಬಿ ಸಾಲ ಮಾಡಬೇಡ. ವಾರವಿಡೀ ನಗುನಗುತ್ತಾ ಇದ್ದ ಒಂದು ಕುಟುಂಬ ಕೊನೇ ದಿನ ನಮ್ಮನ್ನೆಲ್ಲ ತಬ್ಬಿಕೊಂಡು ಬರಿಗೈಲಿ ಇಳಿದು ಹೋಯಿತು. ಇನ್ನೊಂದು, ಗೆಸ್ಟ್‌ಗಳು ಬಾಡಿಗೆಯ ಸುಮಾರು 30% ದುಡ್ಡನ್ನು ಮೊದಲೇ ಬೇರೆಯಾಗಿ ಕಟ್ಟಿರುತ್ತಾರೆ. ಅದು ಡೀಸೆಲ್, ಅಡುಗೆ ಸಾಮಾನು, ಬಂದರು ಶುಲ್ಕಕ್ಕೆ. ಆ ದೊಡ್ಡ ಸಂಖ್ಯೆ ಕೇಳಿ ಹೊಸಬರು ಟಿಪ್ಸ್ ಅಂದುಕೊಳ್ಳುತ್ತಾರೆ, ಪಾಪ.

ಸೀಸನ್ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಜೂನ್ 1ರಿಂದ ಚಂಡಮಾರುತದ ಕಾಲ, ಅಷ್ಟರಲ್ಲಿ ದೊಡ್ಡ ಬೋಟ್‌ಗಳು ಮೆಡಿಟರೇನಿಯನ್ ಕಡೆಗೋ ಅಮೆರಿಕದ ಕಡೆಗೋ ಹೋಗಿಬಿಡುತ್ತವೆ. 2017ರಲ್ಲಿ ಇರ್ಮಾ ಚಂಡಮಾರುತ ಬಡಿದ ಮೇಲೆ ಪಕ್ಕದ ಬಾರ್ಬುಡಾ ದ್ವೀಪವನ್ನು ಪೂರ್ತಿ ಖಾಲಿ ಮಾಡಿಸಿದ್ದರು. ಆದ್ದರಿಂದ ಏಪ್ರಿಲ್ ಆದಮೇಲೆ ನಿನ್ನ ಸಂಬಳ ಮುಂದುವರಿಯುತ್ತಾ, ಇಲ್ಲ ಟಿಕೆಟ್ ಕೊಟ್ಟು ಕಳಿಸುತ್ತಾರಾ ಅಂತ ಸೇರುವ ಮೊದಲೇ ಕೇಳು. ಬರೆದು ಕೊಡಲಿ.

ಒಬ್ಬಳೇ ಬರಬಹುದಾ? ಬರಬಹುದು, ನಾನು ಬಂದೆನಲ್ಲ. ಆದರೆ ಇಂಟರ್‌ವ್ಯೂನಲ್ಲಿ ಬಾಯಿ ಬಿಟ್ಟು ಕೇಳಬೇಕು. ಕ್ಯಾಬಿನ್ ಯಾರ ಜೊತೆ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಈ ಜಾಗದಲ್ಲಿ ಮೊದಲು ಇದ್ದವಳು ಯಾಕೆ ಬಿಟ್ಟಳು, ಅವಳ ಜೊತೆ ಮಾತಾಡಬಹುದಾ? ಕೊನೆಯ ಪ್ರಶ್ನೆಗೆ ಕ್ಯಾಪ್ಟನ್ ಮುಖ ಸಿಂಡರಿಸಿದರೆ ಆ ಬೋಟ್ ಬೇಡ. ಏನಾದರೂ ಆದರೆ ಯಾಟ್ ಕ್ರೂ ಹೆಲ್ಪ್ ಅಂತ 24 ಗಂಟೆಯ ಸಹಾಯವಾಣಿ ಇದೆ, ನಂಬರ್ ಫೋನಿನಲ್ಲಿ ಈಗಲೇ ಹಾಕಿಟ್ಟುಕೊ.

ಪೇಪರ್ ಕೆಲಸ ಜಾಸ್ತಿ ಇಲ್ಲ. ಎಸ್‌ಟಿಸಿಡಬ್ಲ್ಯು ಅಂತ ಹಡಗಿನಲ್ಲಿ ಕೆಲಸ ಮಾಡುವವರ ಬೇಸಿಕ್ ಸೇಫ್ಟಿ ಕೋರ್ಸು ಮಾಡಲೇಬೇಕು: ಬೆಂಕಿ ಆರಿಸೋದು, ನೀರಿಗೆ ಹಾರಿ ಲೈಫ್‌ರಾಫ್ಟ್ ಹತ್ತೋದು, ಪ್ರಥಮ ಚಿಕಿತ್ಸೆ. ಜೊತೆಗೆ ಇಎನ್‌ಜಿ1 ಅನ್ನುವ ಮೆಡಿಕಲ್ ಸರ್ಟಿಫಿಕೇಟ್. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಮೆಡಿಕಲ್ ಮಾಡಿಸು, ಅದರಲ್ಲಿ ಫೇಲಾದರೆ ಕೋರ್ಸಿನ ದುಡ್ಡು ನೀರಿಗೆ ಹಾಕಿದ ಹಾಗೆ. ಕೆಲಸ ಕೊಡಿಸ್ತೀನಿ ಅಂತ ನಿನ್ನ ಹತ್ತಿರ ಫೀಸ್ ಕೇಳುವ ಏಜೆಂಟ್ ಜೊತೆ ಮಾತೇ ಬೇಡ. ಕೆಲಸಕ್ಕೆ ಸೇರಿಸಿದ್ದಕ್ಕೆ ಕ್ರೂ ಹತ್ತಿರ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಅದೂ ಆಗ ಹೇಳಿದ ಸಮುದ್ರ ಕಾರ್ಮಿಕರ ಒಪ್ಪಂದದಲ್ಲೇ ಇದೆ. ಬರುವಾಗ ಕ್ಯಾಪ್ಟನ್ ಕೊಟ್ಟ ಪತ್ರ ಕೈಯಲ್ಲಿರಲಿ. ಹಿಂದಿರುಗುವ ಟಿಕೆಟ್ ಇಲ್ಲದೆ ಇಳಿದರೆ ಇಮಿಗ್ರೇಷನ್‌ನವರು ಮೊದಲು ಕೇಳೋದು ಆ ಪತ್ರವನ್ನೇ.

ಗಟ್ಟಿ ಸೂಟ್‌ಕೇಸ್ ತರಬೇಡ, ಇಡೋಕೆ ಜಾಗ ಇರೋದಿಲ್ಲ. ಮಡಚಿ ಬಂಕಿನಡಿ ತುರುಕುವಂಥ ಬಟ್ಟೆ ಬ್ಯಾಗ್ ತಾ. ಕಿವಿಗೆ ಹಾಕುವ ಇಯರ್‌ಪ್ಲಗ್ ಎರಡು ಡಬ್ಬಿ ಇರಲಿ. ಲಂಗರಿನ ಸರಪಳಿ ನಿನ್ನ ತಲೆದಿಂಬಿನ ಪಕ್ಕದ ಗೋಡೆಯ ಆಚೆಗೇ ಇರುತ್ತದೆ, ಬೆಳಿಗ್ಗೆ ಐದಕ್ಕೇ ಎಳೆಯುತ್ತಾರೆ.